ಐದನೆಯ ಗ್ಲಾಸಿಗೆ ಅಸಲು

ಒಂದು ಖೋಲಿಯಲ್ಲಿ ಒಬ್ಬ ಕುಡಿಯುವವನಿದ್ದರೆ ಆ ಖೋಲಿಯ ದೊಡ್ಡವರೆಲ್ಲ ಕುಡಿಯುವವರೇ. ವಿಲಾಸಿ ಹಡಗುಗಳ ಧರ್ಮಶಾಸ್ತ್ರದಲ್ಲಿ ಇದು ಮೊದಲನೆಯ ಸೂತ್ರ. ಕುಡಿಯಲೇಬೇಕೆಂಬ ಜುಲುಮೆಯೇನಿಲ್ಲ, ರೊಕ್ಕ ಮಾತ್ರ ಕಟ್ಟಬೇಕು. ಒಬ್ಬ ಡ್ರಿಂಕ್ಸ್ ಪ್ಯಾಕೇಜ್ ತೊಗೊಂಡು ನಾಲ್ಕು ಮಂದಿಗೆ ಹಂಚಿಯಾನು ಎಂಬ ಗುಮಾನಿಯಿಂದ ದೊಡ್ಡ ದೊಡ್ಡ ಕಂಪನಿಗಳು ಈ ಕಟ್ಟಳೆ ಮಾಡಿಕೊಂಡಿವೆ. ಗುಮಾನಿ ಪೂರಾ ಸುಳ್ಳೂ ಅಲ್ಲ. ನಮ್ಮ ಉದಗೀರ ಮಾಮಾನನ್ನು ಅವರು ಕಂಡಿರಲಿಕ್ಕಿಲ್ಲ, ಆದರೆ ಅವನಂಥವರನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದ ಹಾಗಿದೆ.

ಸಿಂಗಾಪುರದಲ್ಲಿರುವ ಮಗ ಮರೀನಾ ಬೇ ಬಂದರಿನಿಂದ ಪಿನಾಂಗ್, ಫುಕೆಟ್ ತಿರುಗಿಸಿಕೊಂಡು ಬರುವ ಹಡಗಿಗೆ ನಮ್ಮನ್ನೆಲ್ಲ ಹತ್ತಿಸಿದ್ದ. ಮಗ-ಸೊಸೆ ಒಂದು ಖೋಲಿ. ನನ್ನ ಹೆಂಡತಿ ಮತ್ತು ಉಮರ್ಗಾದ ನಮ್ಮಕ್ಕ ಒಂದು ಖೋಲಿ. ನಾನು ಮತ್ತು ನನ್ನ ಹೆಂಡತಿಯ ತಮ್ಮ, ಅಂದರೆ ಮನೆಮಂದಿಗೆಲ್ಲ ‘ಉದಗೀರ ಮಾಮಾ’, ಇನ್ನೊಂದು ಖೋಲಿ. ಮಾಮಾನಿಗೆ ಪ್ಯಾಕೇಜ್ ಬೇಕೇ ಬೇಕಿತ್ತು. ಹೀಗಾಗಿ ಜನ್ಮದಲ್ಲಿ ಹನಿ ಮುಟ್ಟದ ನಾನೂ ದಿನಕ್ಕೆ 70 ಡಾಲರಿನ ಕುಡುಕನಾದೆ.

ಕೇಳದೆ ಕೇಳಿಸದೆ ಪ್ಯಾಕೇಜಿಗೆ ಸೇರಿಸಿಬಿಡುವುದು ನಮ್ಮ ಸೀಮೆಗೆ ಹೊಸದೇನಲ್ಲ ಬಿಡಿ. ನಮ್ಮ ಮುತ್ಯಾನ ಕಾಲಕ್ಕೆ ನಮ್ಮೂರು ನಿಲಂಗಾ, ಮಾಮಾನ ಉದಗೀರ ಎರಡೂ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. 1956ರಲ್ಲಿ ರಾಜ್ಯ ಹಂಚಿದಾಗ ಉಸ್ಮಾನಾಬಾದ್ ಜಿಲ್ಲೆಗೆ ಸೇರಿ ಮುಂಬಯಿ ರಾಜ್ಯಕ್ಕೆ ಹೋದವು. 1960ಕ್ಕೆ ಅದೇ ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿ ಎರಡೂ ಅದಕ್ಕೆ ಸೇರಿದವು. ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು; ಈಗ ಆ ಜಿಲ್ಲೆಯ ಹೆಸರೇ ಧಾರಾಶಿವ. ಇಷ್ಟೆಲ್ಲ ಆಗುವಾಗ ಮುತ್ಯಾ ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಹಿಂದಿ ಎಂಬ ವ್ಯವಸ್ಥೆ ಮಾತ್ರ ಯಾವ ಸರಕಾರ ಬಂದರೂ ಕದಲಲಿಲ್ಲ.

ಮಾಮಾ ಉದಗೀರದ ಮಾರ್ಕೆಟಿನಲ್ಲಿ ಅಡತ್ ವ್ಯಾಪಾರಿ. ಕಾಯದೆಯ ಮನುಷ್ಯ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯದೆ ಇನ್ನೂ ಜೀವ ಹಿಡಿದುಕೊಂಡಿದೆ. ಅದರ ಪ್ರಕಾರ ಕುಡಿಯುವವನ ಹತ್ತಿರ ಪರವಾನಗಿ ಇರಬೇಕು. ಒಂದು ದಿನದ್ದಕ್ಕೆ 5 ರೂಪಾಯಿ, ಜೀವಮಾನದ್ದಕ್ಕೆ 1000. ಯಾರೂ ಕೇಳುವುದಿಲ್ಲ, ಯಾರೂ ತೋರಿಸುವುದಿಲ್ಲ. ಮಾಮಾ ಮಾತ್ರ ಜೀವಮಾನದ್ದನ್ನೇ ಮಾಡಿಸಿ ಲ್ಯಾಮಿನೇಷನ್ ಹಾಕಿಸಿ ಇಟ್ಟುಕೊಂಡಿದ್ದಾನೆ. ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ ಮದ್ಯ ಬೇಕಾಗಿದೆ ಎಂದು ಅದರಲ್ಲಿ ಸರಕಾರವೇ ಬರೆದಿರುವುದರಿಂದ ಅದನ್ನು ಅವನು ಡಾಕ್ಟರ ಚೀಟಿ ಎಂದೇ ಭಾವಿಸಿದ್ದಾನೆ. ಅದನ್ನೂ ಪಾಸ್‌ಪೋರ್ಟಿನ ಜೊತೆ ಹಡಗಿಗೆ ತಂದಿದ್ದ.

70 ಡಾಲರಿನ ಮೇಲೆ 18% ಸೇವಾಶುಲ್ಕ. ಒಟ್ಟು 82 ಡಾಲರ್ 60 ಸೆಂಟ್. ಮಾಮಾ ಇದನ್ನು ರೂಪಾಯಿಗೆ ತಿರುಗಿಸಿ ಸುಮ್ಮನಾಗಲಿಲ್ಲ, ಸೋಯಾಬೀನಿಗೆ ತಿರುಗಿಸಿದ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 4892 ರೂಪಾಯಿ. ಅಂದರೆ ತಲೆಗೆ ದಿನಕ್ಕೆ 1 ಕ್ವಿಂಟಲ್ 43 ಕಿಲೋ. “ಅದೂ ಸರಕಾರಿ ದರಕ್ಕ. ಮಾರ್ಕೆಟಿನ ದರಕ್ಕ ಹಾಕಿದ್ರ ಇನ್ನಾ ಹೆಚ್ಚಿಗಿ ಹೋಗ್ತದ ಭಾವಜಿ,” ಎಂದು ನನ್ನ ಮುಖ ನೋಡಿದ, ನಾನೇ ಅವನ ಧಾನ್ಯ ಕದ್ದು ಮಾರಿದ ಹಾಗೆ.

ಈಗ ಮಗನ ವಿಚಾರ. ಅವನು ಲಾತೂರ ಪ್ಯಾಟರ್ನಿನ ಹುಡುಗ. ಲಾತೂರಿನಲ್ಲಿ ಹನ್ನೆರಡನೆಯ ಇಯತ್ತೆ ಓದಿದವರಿಗೆ ಹಳೇ ಪ್ರಶ್ನಪತ್ರಿಕೆ ಬಿಡಿಸುವುದೊಂದು ಸಂಸ್ಕಾರವಾಗಿ ಉಳಿದುಬಿಡುತ್ತದೆ. ಹಡಗು ಬಿಡುವ ಮೊದಲೇ ಅವನು ವೈನ್ ಪಟ್ಟಿಯನ್ನು ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಹಾಕಿ ಬಣ್ಣ ಬಳಿದಿದ್ದ. ಪ್ಯಾಕೇಜಿನಲ್ಲಿ ಒಂದು ಗ್ಲಾಸಿಗೆ 14 ಡಾಲರಿನ ಮಿತಿ. ಅದರೊಳಗಿನವು ಹಸಿರು. ಅದರ ಮೇಲಿನವು ಕೆಂಪು, ಮೇಲಿನ ಫರಕು ಕೈಯಿಂದ ಕೊಡಬೇಕು. ಹದಿನಾಲ್ಕಕ್ಕೆ ಸರಿಯಾಗಿ ಬಂದು ನಿಂತವು ಹಳದಿ. ಅವೇ ‘ಮೋಸ್ಟ್ ಇಂಪಾರ್ಟೆಂಟ್’.

“ಆರು ಗ್ಲಾಸಿಗೆ ಅಸಲು ಬರ್ತದ, ಏಳನೇದ್ದಕ್ಕ ಲಾಭ,” ಎಂದು ಮಾಮಾ ಬೆರಳು ಮಡಿಚಿದ.

“ಇಲ್ಲ ಮಾಮಾ, ಬಿಡಿ ಗ್ಲಾಸಿಗೂ 18% ಹತ್ತತದ. ಹದಿನಾಕ್ರದ್ದು 16.52 ಆತು. ಐದನೇದ್ದಕ್ಕ ಬರೋಬ್ಬರಿ 82.60. ಪೈ ಹೆಚ್ಚಿಲ್ಲ, ಪೈ ಕಡಿಮಿಲ್ಲ.”

ಮಾಮಾನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ರುಚಿ ನೋಡಿ ಆರಿಸೂದು ಇಲ್ಲೇನಪ್ಪಾ?” ಎಂದು ನಾನು ಕೇಳಿದೆ. “ಅದು ಔಟ್ ಆಫ್ ಸಿಲಬಸ್, ಅಪ್ಪಾ,” ಎಂದ ಮಗ.

ಪ್ಯಾಕೇಜ್ ಎಂದರೆ ನಮ್ಮ ಸೊಲ್ಲಾಪುರ, ಲಾತೂರಿನ ಖಾನಾವಳಿಯೇ. ತಿಂಗಳ ರೊಕ್ಕ ಮೊದಲೇ ಇಸಿದುಕೊಂಡು ‘ಪೋಟಭರ್ ಉಣ್ರಿ’ ಅನ್ನುತ್ತಾರೆ. ಖಾನಾವಳಿಯವನಿಗೆ ಗೊತ್ತು, ಹುಡುಗರು ಮೊದಲ ವಾರ ಹತ್ತು ಚಪಾತಿ ತಿಂದು ಎರಡನೆಯ ವಾರದಿಂದ ನಾಲ್ಕಕ್ಕೆ ಇಳಿಯುತ್ತಾರೆ ಎಂದು. ಹಡಗಿನವನಿಗೂ ಗೊತ್ತು. ಕಾರ್ನಿವಲ್ ಕಂಪನಿ ತನ್ನ ಪ್ಯಾಕೇಜಿನಲ್ಲಿ ದಿನಕ್ಕೆ 15 ಮದ್ಯದ ಗ್ಲಾಸು ಎಂದು ಮಿತಿ ಇಟ್ಟಿದೆ. ಹದಿನೈದು ಮುಟ್ಟುವವರು ಬೆರಳೆಣಿಕೆಯವರು, ಉಳಿದವರು ಅಸಲು ಎಣಿಸುತ್ತ ಸುಸ್ತಾಗುವವರು ಎಂಬುದು ಹಿಸಾಬಿಟ್ಟವರಿಗೆ ತಿಳಿಯದೆ ಇದ್ದೀತೇ.

ಬಾರಿನಲ್ಲಿ ಬಂಟ್ವಾಳದ ಕಡೆಯ ಹುಡುಗನೊಬ್ಬನಿದ್ದ. ನಮ್ಮ ಜಗಳ ಕೇಳಿ ಹತ್ತಿರ ಬಂದ.

“ನೀವು ಕನ್ನಡದವರಾ ಸರ್? ಎಲ್ಲಿ ಆಯ್ತು ನಿಮಗೆ?”

“ನಿಲಂಗಾ.”

“ಅದು ಬೀದರ್ ಹತ್ತಿರವಾ?”

“ಹತ್ತಿರ ಹೌದು. ಮಹಾರಾಷ್ಟ್ರದಾಗ ಅದ.”

“ಓ, ಹಾಗಾದ್ರೆ ನೀವು ಮರಾಠಿಯವರು.”

ಇಲ್ಲಿಂದ ಮುಂದೆ ಇತಿಹಾಸ ಶುರು ಮಾಡಿದರೆ ಪಿನಾಂಗ್ ಬರುವವರೆಗೆ ಮುಗಿಯುವುದಿಲ್ಲ. ಮಾಮಾನೇ ನಡುವೆ ಬಾಯಿ ಹಾಕಿದ: “ತಮ್ಮಾ, ಗ್ಲಾಸಿನಾಗ ಎಷ್ಟು ಹಾಕ್ತೀರಿ?”

“150 ಎಂ.ಎಲ್. ಸರ್.”

“ಬಾಟ್ಲಿ 750. ಅಂದ್ರ ಐದು ಗ್ಲಾಸಿಗೆ ಒಂದು ಬಾಟ್ಲಿ. ನನ್ನ ಐದೂ ಒಮ್ಮಿಗೇ ಕೊಟ್ಟುಬಿಡು, ಬಾಟ್ಲಿನಽ ತಾ.”

ಬಾಟಲಿ ಪ್ಯಾಕೇಜಿನೊಳಗೆ ಬರುವುದಿಲ್ಲ, ಒಂದು ಸಲಕ್ಕೆ ಒಂದೇ ಗ್ಲಾಸು ಎಂದು ಹುಡುಗ ಹಲ್ಲುಬಿಟ್ಟು ಹೇಳಿದ. ಮಾಮಾ ಬಗ್ಗಲಿಲ್ಲ. ಪಟ್ಟಿಯ ಕೆಂಪು ಸಾಲಿಗೆ ನುಗ್ಗಿದ. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಕ್ಯಾಬರ್ನೆ, 19 ಡಾಲರ್. ಹದಿನಾಲ್ಕು ಹೋಗಿ ಉಳಿದ ಐದು, ಅದರ ಮೇಲೆ 18%. “ಹತ್ತೊಂಬತ್ತರ ಮಾಲು ಐದಕ್ಕ ಹೊಡದೆ!” ಎಂದು ಆ ಸಂಜೆ ಮಾಮಾ ಡೆಕ್ಕಿನ ತುಂಬ ಮೆರೆದ. 1760ರಲ್ಲಿ ಮರಾಠರ ಸದಾಶಿವರಾವ್ ಭಾವು ನಿಜಾಮನನ್ನು ಸೋಲಿಸಿದ್ದು ಇದೇ ಮಾಮಾನ ಊರಿನಲ್ಲಿ. ಗೆದ್ದ ಹುರುಪಿನಲ್ಲಿ ಉತ್ತರಕ್ಕೆ ಹೋದ ಭಾವು ಮರುವರ್ಷದ ಸಂಕ್ರಮಣಕ್ಕೆ ಎಲ್ಲಿ ಮುಟ್ಟಿದ ಎಂಬುದನ್ನು ಉದಗೀರದವರು ಹೇಳುವಾಗ ಬಿಟ್ಟುಬಿಡುತ್ತಾರೆ.

ನನ್ನ ಪಾಡು ಬೇರೆ. ಕಾಫಿ, ಹಣ್ಣಿನ ರಸ, ಬಾಟಲಿ ನೀರು, ಇಷ್ಟರಲ್ಲೇ ನಾನು ನನ್ನ 1 ಕ್ವಿಂಟಲ್ 43 ಕಿಲೋ ತೀರಿಸಬೇಕಿತ್ತು. ಮಾಮಾ ತಾಸಿಗೊಮ್ಮೆ ಬಂದು, “ಭಾವಜಿ, ಎಷ್ಟಾತು?” ಎಂದು ಲೆಕ್ಕ ಕೇಳುತ್ತಿದ್ದ. ನಾನು ನೀರಿಗೇ ಕೂತೆ. ಗಾಳಿಗುಳ್ಳೆ ಏಳುವ ಇಟಲಿಯ ನೀರು, ಹಸಿರು ಬಾಟಲಿ, ಮೇಲೊಂದು ನಿಂಬೆ ಹೋಳು. ಬಾಯಿಗೆ ಥೇಟು ನಿಲಂಗಾದ ಗೋಟಿ ಸೋಡಾ. ನಮ್ಮ ಕಡೆ ನೀರಿನ ಬೆಲೆಯೇ ಬೇರೆ. ಬರಗಾಲದಲ್ಲಿ, 2016ರ ಏಪ್ರಿಲ್‌ನಲ್ಲಿ, ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂತು. ಮೊದಲನೆಯ ಗಾಡಿಯಲ್ಲಿ 10 ವ್ಯಾಗನ್, 5 ಲಕ್ಷ ಲೀಟರ್. ರೈಲಿಗೆ ‘ಜಲದೂತ’ ಎಂದು ಹೆಸರು, ಎಂಜಿನ್ನಿಗೆ ಹಾರ. ಆ ಜಿಲ್ಲೆಯವನ ಮುಂದೆ ಜಗತ್ತಿನ ದ್ರಾಕ್ಷಿಯನ್ನೆಲ್ಲ ಹಿಂಡಿ ಇಟ್ಟು ‘ಬೇಕಾದ್ದು ಕುಡಿ’ ಎಂದರೆ ಅವನು ನೀರು ಕೇಳುವುದರಲ್ಲಿ ಆಶ್ಚರ್ಯವೇನು? ಹೆಂಡತಿ ನನ್ನ ಪಾಲಿನ ಬಾಟಲಿಗಳನ್ನು ಪಿಶವಿಗೆ ಹಾಕಿಕೊಳ್ಳಲು ನೋಡಿದಳು. “ವೈನೀ… ಛೇ, ಅಕ್ಕಾ! ಅದು ಶೇರಿಂಗ್ ಆಗ್ತದ, ಕಾಯದೆ ಬಿಡಂಗಿಲ್ಲ!” ಎಂದು ಮಾಮಾ ತಡೆದ. ವೈನಿನ ಧ್ಯಾನದಲ್ಲಿ ಸ್ವಂತ ಅಕ್ಕನನ್ನೇ ವೈನಿ, ಅಂದರೆ ಅತ್ತಿಗೆ, ಅನ್ನುವ ಮಟ್ಟಕ್ಕೆ ಹೋಗಿತ್ತು ಅವನ ಅವಸ್ಥೆ.

ಇಷ್ಟೆಲ್ಲದರ ನಡುವೆ ಉಮರ್ಗಾ ಅಕ್ಕ ಸುಮ್ಮನೆ ಕೂತಿದ್ದಳು. ರಾತ್ರಿ ಹಡಗು ಹೊಯ್ದಾಡಿದರೆ ಎದ್ದು ಕೂಡುತ್ತಿದ್ದಳು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪಕ್ಕೆ ಕಿಲ್ಲಾರಿ, ಸಾಸ್ತೂರು ಉರುಳಿದ ರಾತ್ರಿ ಕಂಡವರಿಗೆ ನೆಲ ಅಲುಗುವುದು ವಿಹಾರವೆನಿಸುವುದಿಲ್ಲ. ಹಗಲು ಮಾತ್ರ ನಮ್ಮ ಮೇಜಿನ ಹತ್ತಿರ ಕೂತು ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಬಿಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಮಾಮಾನ ಗ್ಲಾಸು ಅವಳ ಮುಂದೆ ಬಂತು. ಮುಟ್ಟಲಿಲ್ಲ. ಬಗ್ಗಿ ಮೂಸಿದಳು.

“ಇದರಾಗ ಹಸೀ ಡೊಣಮೆಣಸಿನಕಾಯಿ ಕೊಯ್ದು ಹಾಕ್ಯಾರಲ್ಲ.”

ಮಾಮಾ ನಕ್ಕ. ಬಂಟ್ವಾಳದ ಹುಡುಗ ನಗಲಿಲ್ಲ. ಅದು ನ್ಯೂಜಿಲೆಂಡಿನ ಮಾರ್ಲ್‌ಬರೋ ಸೀಮೆಯ ಸೊವಿನ್ಯೋ ಬ್ಲಾಂಕ್. ಡೊಣ್ಣಮೆಣಸಿನಕಾಯಿಗೆ ವಾಸನೆ ಕೊಡುವ ಪೈರಜೀನ್ ಎಂಬ ವಸ್ತುವೇ ಆ ದ್ರಾಕ್ಷಿಯಲ್ಲೂ ಇರುತ್ತದಂತೆ. ಅವರಿಗೆ ತರಬೇತಿಯಲ್ಲಿ ಅದನ್ನೇ ಬಾಯಿಪಾಠ ಮಾಡಿಸಿದ್ದರಂತೆ. ಹುಡುಗ ಓಡಿಹೋಗಿ ಇನ್ನೊಂದನ್ನು ತಂದ. ಮೂಸುವುದಕ್ಕೆ ಪ್ಯಾಕೇಜ್ ಬೇಕೆಂದು ಯಾವ ಕಟ್ಟಳೆಯಲ್ಲೂ ಇಲ್ಲ, ಮಾಮಾನೂ ನಿಯಮದ ಪುಸ್ತಕ ತಿರುವಿ ಒಪ್ಪಿಕೊಂಡ.

ಎರಡನೆಯದು ಕ್ಯಾಲಿಫೋರ್ನಿಯಾದ ಶಾರ್ಡನೇ. “ಬೆಣ್ಣಿ ಕಾಸ್ಯಾರ. ಹೊಸಾ ಕಟಿಗಿ ಪೆಟಿಗ್ಯಾಗ ಇಟ್ಟಾರ.” ಓಕ್ ಪೀಪಾಯಿಯಲ್ಲಿ ಇಟ್ಟದ್ದೇ ಹೌದು. ಬೆಣ್ಣೆಯ ವಾಸನೆ ಎರಡನೆಯ ಸಲ ಹುದುಗುವಾಗ ಬರುತ್ತದೆ, ಅದೂ ಹೌದು. ಮೂರನೆಯದು ಸಾದಾ ಕೆಂಪು ವೈನ್. ಅಕ್ಕ ಮೂಗು ಹಿಂದಕ್ಕೆ ಎಳೆದಳು. “ಇದು ನಿನ್ನಿದು ಅದ ತಮ್ಮಾ. ಬಿಚ್ಚಿ ರಾತ್ರಿ ಇಟ್ಟೀರಿ. ಹುಳಿ ಹಿಡೀಲಿಕತ್ತದ.” ಹುಡುಗ ಬಾಟಲಿಯ ಮೇಲಿನ ಚೀಟಿ ನೋಡಿ ತಲೆ ತಗ್ಗಿಸಿ, ಹೊಸ ಬಾಟಲಿ ಬಿಚ್ಚಿದ. ಗ್ಲಾಸಿನ ಲೆಕ್ಕದಲ್ಲಿ ವೈನ್ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು: ಬಾಟಲಿ ಬಿಚ್ಚಿದ್ದು ಯಾವಾಗ? ಎಕ್ಸೆಲ್‌ನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಉಮರ್ಗಾದ ಹೊಲದ ಮನೆಯಲ್ಲಿ ಹಗೇವಿನ ಜೋಳ ತೆಗೆಸಿದ ಮೂಗು ಅದು. ಹಗೇವಿನ ಬಾಯಿ ತೆಗೆದಾಗ ಕೆಟ್ಟ ಗಾಳಿ ಹೋಗಿದೆಯೋ ಇಲ್ಲವೋ, ಕಾಳು ಮುಗ್ಗಿದೆಯೋ ಇಲ್ಲವೋ ದೂರದಿಂದಲೇ ಹೇಳುತ್ತಿದ್ದಳು. ಊರ ಈಚಲ ಬನದ ಸೇಂದಿ ಯಾವ ಹೊತ್ತಿಗೆ ಇಳಿಸಿದ್ದು ಎಂಬುದನ್ನು ಹಾದಿಯಲ್ಲಿ ಎದುರು ಬಂದವನ ಉಸಿರಿನಿಂದ ಹೇಳುತ್ತಿದ್ದಳಂತೆ. ಅಂಥವಳಿಗೆ ವೈನಿನ ಪಟ್ಟಿ ಯಾವ ಲೆಕ್ಕ? ಮರುದಿನದಿಂದ ಅಕ್ಕ ಮೂಸಿ ‘ಹೂಂ’ ಅಂದದ್ದನ್ನು ಮಾತ್ರ ಸೊಸೆ ಕುಡಿದಳು. ಪಕ್ಕದ ಮೇಜಿನ ಆಸ್ಟ್ರೇಲಿಯಾದ ದಂಪತಿಗಳೂ ಗ್ಲಾಸು ಹಿಡಿದು ಸಾಲಿಗೆ ನಿಂತರು.

ಹಿಂಡಿ-ರೊಟ್ಟಿಗೆ ಯಾವುದು ಸೇರುತ್ತದೆ ಎಂಬ ಪ್ರಶ್ನೆಯೂ ಬಂತು. ಮಾಮಾ ತನ್ನ ನಾಪಾ ಕ್ಯಾಬರ್ನೆಯ ಜೊತೆ ಹಿಂಡಿ ನೆಕ್ಕಿ ಕಣ್ಣು ಕೆಂಪಗೆ ಮಾಡಿಕೊಂಡ. ಒಗರಿನ ವೈನ್ ಖಾರವನ್ನು ಎತ್ತಿ ಕಟ್ಟುತ್ತದೆ. ಖಾರಕ್ಕೆ ಸಣ್ಣಗೆ ಸಿಹಿ ಇರುವ, ಅಮಲು ಕಡಿಮೆಯಿರುವ ರೀಸ್ಲಿಂಗ್ ಒಳ್ಳೆಯದು ಎಂದು ಹುಡುಗ ಜರ್ಮನಿಯ ಮೋಸೆಲ್ ನದಿಯ ದಂಡೆಯದೊಂದನ್ನು ತಂದಿಟ್ಟ. ಬೆಲೆ 12. ಹಳದಿ ಬಣ್ಣದ್ದಲ್ಲವೆಂದು ಮಗ ಅದನ್ನು ಎಂದೋ ಕೈಬಿಟ್ಟಿದ್ದ. ಅಕ್ಕ ಮೂಸಿದಳು. ಇನ್ನೊಮ್ಮೆ ಮೂಸಿದಳು. “ನಿಂಬಿ ಹೂವು,” ಎಂದು ಗ್ಲಾಸನ್ನು ಸೊಸೆಯ ಕಡೆ ಸರಿಸಿದಳು.

ಕೊನೆಯ ರಾತ್ರಿ ಬಾಗಿಲ ಸಂದಿಯಲ್ಲಿ ಬಿಲ್ಲು ಬಂತು. ಮಾಮಾನ ಐದೈದು ಡಾಲರಿನ ಫರಕುಗಳು 18%ರ ಬಾಲ ಕಟ್ಟಿಕೊಂಡು ಉದ್ದಕ್ಕೆ ನಿಂತಿದ್ದವು. ಅವನೇ ಹಣೆಗೆ ಕೈ ಹಚ್ಚಿ, “ಪಾನಿಪತ ಆತು ನೋಡ್ರಿ ಭಾವಜಿ,” ಎಂದ. ಅಷ್ಟರಲ್ಲಿ ಹೆಂಗಸರ ಖೋಲಿಯಿಂದ ನನ್ನ ಹೆಂಡತಿ ಇನ್ನೊಂದು ಚೀಟಿ ಹಿಡಿದುಕೊಂಡು ಬಂದಳು. ಪ್ಯಾಕೇಜೇ ಇಲ್ಲದ ಖೋಲಿಗೆ ಬಿಲ್ಲು! ಅದರಲ್ಲಿ ಒಂದೇ ಸಾಲು: ರೀಸ್ಲಿಂಗ್, ಒಂದು ಗ್ಲಾಸ್, ಸೇವಾಶುಲ್ಕ ಸಹಿತ 14 ಡಾಲರ್ 16 ಸೆಂಟ್.

“ನಂದಲ್ಲ,” ಎಂದಳು ಹೆಂಡತಿ.

ಎಲ್ಲರೂ ಅಕ್ಕನ ಕಡೆ ನೋಡಿದೆವು. ಅವಳು ರೊಟ್ಟಿಯ ಡಬ್ಬಿ ಕಟ್ಟುತ್ತಿದ್ದಳು. ಮನೆತನದ ಹಿರಿಯ ಹೆಂಗಸೇ ಕುಡಿದಳೆಂದು ಮಾಮಾ ಬೆಚ್ಚಿದನೆಂದುಕೊಂಡೆ. ಅವನ ಸಂಕಟ ಬೇರೆಯೇ ಇತ್ತು.

“ಅಕ್ಕಾರ, ರೊಕ್ಕಾ ಕೊಟ್ಟು ಕುಡದ್ರಿ? ನನಗೊಂದು ಮಾತು ಹೇಳಿದ್ರ ನನ್ನ ಕಾರ್ಡಿನ ಮ್ಯಾಲ ಫುಕಟ್ ಬರ್ತಿತ್ತಲ್ರಿ!”

“ನಿನ್ನ ಗ್ಲಾಸ್ ನಾ ಕುಡದ್ರ ಕಾಯದೆ ಬಿಡಂಗಿಲ್ಲ ಅಂತ ನೀನಽ ಹೇಳಿದಿ.”

“ಆದ್ರೂ… 25 ಕಿಲೋ ಸೋಯಾಬೀನ್ ಹೋತಲ್ರಿ ಅಕ್ಕಾರ!”

“ಹೋಗ್ಲಿ ತಗಿ,” ಎಂದಳು ಅಕ್ಕ, ಡಬ್ಬಿಯ ಗಂಟು ಬಿಗಿಯುತ್ತ. “ಸೋಯಾಬೀನ್ ಯಾರ ಹೊಲದ್ದು?”