ಸುದ್ದಿಯಲ್ಲ, ಸದ್ದು

ನಮ್ಮ ಅಕ್ಕನ ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ಎರಡೂ ಕಿವಿಗೆ ತೆಂಗಿನ ಚಿಪ್ಪಿನಂಥ ಹೆಡ್‌ಫೋನ್ ಕವುಚಿಕೊಂಡೇ ಇರುತ್ತಾನೆ. ಈ ಸಲ ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ. ಮುದ್ದೆ ಮುರಿಯುತ್ತಾ ಕಣ್ಣು ಮುಚ್ಚಿದ್ದ. ಅದೇನು ಅಂಥ ಹಾಡು ಎಂದು ಒಂದು ಚಿಪ್ಪನ್ನು ನನ್ನ ಕಿವಿಗೆ ಇಟ್ಟುಕೊಂಡೆ. ಗರ್ರ್... ಟಕ್... ಗರ್ರ್.

‘ಫೋನ್ ಕೆಟ್ಟಿದೆ ಕಣೋ’ ಎಂದೆ.

‘ಇದು ಎಕ್ಸ್‌ಪೆರಿಮೆಂಟಲ್ ಮಾಮ. ಹಳೇ ಫ್ಯಾಕ್ಟರಿಯೊಂದರ ಪೈಪಿನ ಸದ್ದು. ಜರ್ಮನಿಯವನೊಬ್ಬ ತಿಂಗಳುಗಟ್ಟಲೆ ಕೂತು ರೆಕಾರ್ಡ್ ಮಾಡಿದ್ದು. ದುಡ್ಡು ಕಟ್ಟಿ ಕೇಳ್ತಿದೀನಿ.’

ಅದೇ ಹೊತ್ತಿಗೆ ಹಿಂದಿನ ಸೈಟಿನಲ್ಲಿ ತಿರುಚೆಂಗೋಡಿನ ಬೋರ್ ಲಾರಿ ಏಳುನೂರು ಅಡಿ ದಾಟಿತ್ತು. ಹುಡುಗ ಚಿಪ್ಪುಗಳನ್ನು ಇನ್ನಷ್ಟು ಒತ್ತಿಕೊಂಡು, ‘ಆ ಕಿಟಕಿ ಹಾಕಿ ಮಾಮ, ಏನು ಗಲಾಟೆ’ ಎಂದ. ಕಿಟಕಿ ಹಾಕಿ ಬಂದು ಕೂತಾಗ ನನಗೊಂದು ಉದ್ಯೋಗ ಹೊಳೆಯಿತು. ನಮ್ಮ ಚಿತ್ರದುರ್ಗದಲ್ಲೊಂದು ಸಮುದಾಯ ಬಾನುಲಿ ತೆಗೆಯಬೇಕು.

ಮಾರನೇ ಬೆಳಿಗ್ಗೆ ಹೋಟೆಲಿನಲ್ಲಿ ವಿಷಯ ತೆಗೆದೆ. ಗಲ್ಲಾದ ಮೇಲಿದ್ದ ಯಜಮಾನರು ಚಿಲ್ಲರೆ ಎಣಿಸುತ್ತಲೇ ಕೇಳಿದರು: ‘ಯಾವ ಸಮುದಾಯದ್ದು ಸ್ವಾಮಿ?’

ತಪ್ಪು ಅವರದಲ್ಲ. ಸಮುದಾಯಕ್ಕೊಂದು ಪೀಠ, ಪೀಠಕ್ಕೊಂದು ಸಮುದಾಯ ಭವನ ಇರುವ ಜಿಲ್ಲೆ ನಮ್ಮದು. ಹೊಸದುರ್ಗ ಒಂದರಲ್ಲೇ ಲೆಕ್ಕ ಹಾಕಲು ಕೂತರೆ ಕೈಬೆರಳು ಸಾಲುವುದಿಲ್ಲ. ಎಲ್ಲರದೂ ಆದ ಸಮುದಾಯ ಎಂದು ವಿವರಿಸಿದೆ. ‘ಹಾಗಾದರೆ ಚಂದಾ ಎತ್ತೋದು ಕಷ್ಟ’ ಎಂದರು. ಮಾತು ಅಲ್ಲಿಗೆ ಮುಗಿಯಿತು.

ಆಕಾಶವಾಣಿ ಚಿತ್ರದುರ್ಗ 102.6ರಲ್ಲಿ ಇದೆಯಲ್ಲ, ಮತ್ತೇಕೆ ಇನ್ನೊಂದು ಎಂದು ಕೆಲವರು ಕೇಳಿದರು. ಅದರ ಮೇಲೆ ನನ್ನ ತಕರಾರಿಲ್ಲ. ಅದು ಸರ್ಕಾರದ್ದು, ಸಾಕಷ್ಟು ಸಭ್ಯವಾಗಿದೆ. ಬಾನುಲಿ ಎಂಬುದು ನಮ್ಮ ನಾಡಿನಲ್ಲಿ ಹುಟ್ಟಿದ್ದು ಮಾತ್ರ ಸರ್ಕಾರದ ಮನೆಯಲ್ಲಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್‌ನ ಯಂತ್ರ ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುತ್ತಾರೆ. ಕಸ್ತೂರಿಯವರು ಹಾಸ್ಯಗಾರರು ಎಂಬುದನ್ನು ದೆಹಲಿ ಗಮನಿಸಲಿಲ್ಲ. ಆ ಹೆಸರನ್ನೇ ದೇಶಕ್ಕೆಲ್ಲ ಇಟ್ಟುಕೊಂಡಿತು.

ಆಮೇಲಿನದು ಫೈಲಿನ ಕಥೆ. 1995ರಲ್ಲಿ ಸುಪ್ರೀಂ ಕೋರ್ಟು ತರಂಗಾಂತರಗಳು ಸಾರ್ವಜನಿಕ ಆಸ್ತಿ ಎಂದಿತು. ರೈತರೋ ಹಾಡುಗಾರರೋ ಕೋರ್ಟಿಗೆ ಹೋಗಿದ್ದರಿಂದಲ್ಲ, ಕ್ರಿಕೆಟ್ ಪ್ರಸಾರದ ಜಗಳ ಅಲ್ಲಿಗೆ ಹೋಗಿತ್ತು. ಸಾರ್ವಜನಿಕ ಆಸ್ತಿ ಅಂದರೆ ಗೋಮಾಳ ಇದ್ದಂತೆ: ಎಲ್ಲರದೂ ಹೌದು, ಕಾಲಿಟ್ಟರೆ ತಹಶೀಲ್ದಾರರು ಬರುತ್ತಾರೆ. ವಿದ್ಯಾಸಂಸ್ಥೆಗಳಿಗೆ ಪರವಾನಗಿ ಕೊಡಲು 2002ರ ಕೊನೆ ಬರಬೇಕಾಯಿತು, ಊರಿನ ಸಂಘಸಂಸ್ಥೆಗಳಿಗೆ 2006.

ಅಷ್ಟರಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯವರಿಗೆ ತಾಳ್ಮೆ ಮುಗಿದಿತ್ತು. ಗಾಳಿಯಲ್ಲಿ ಬಿಟ್ಟರೆ ಅಪರಾಧ, ತಂತಿಯಲ್ಲಿ ಬಿಟ್ಟರೆ ಅಲ್ಲ ಎಂಬುದನ್ನು ಕಂಡುಕೊಂಡು 2003ರಲ್ಲಿ ‘ನಮ್ಮ ಧ್ವನಿ’ಯನ್ನು ಕೇಬಲ್ ಟಿ.ವಿ.ಯ ತಂತಿಗೆ ಹತ್ತಿಸಿದರು. ಜನ ಟಿ.ವಿ. ಹಾಕಿಕೊಂಡು ರೇಡಿಯೋ ಕೇಳಿದರು. 1779ರಲ್ಲಿ ನಮ್ಮ ಕೋಟೆ ಹಿಡಿದ ಹೈದರಾಲಿ ಹುಟ್ಟಿದ್ದೂ ಅದೇ ಬೂದಿಕೋಟೆಯಲ್ಲಿ. ಕಿಂಡಿ ಹುಡುಕುವುದು ಆ ಮಣ್ಣಿಗೆ ಹೊಸದಲ್ಲ.

ಕಿಂಡಿಯ ವಿಷಯದಲ್ಲಿ ನಾವೂ ಕಮ್ಮಿ ಇಲ್ಲ. ನಿಯಮಾವಳಿ ತರಿಸಿ ಓದಿದೆ. ಶಕ್ತಿ 100 ವಾಟ್. ಹಿಂದೆ ನಮ್ಮ ಪಡಸಾಲೆಯ ಬಲ್ಬು ಅಷ್ಟೇ ಉರಿಯುತ್ತಿತ್ತು. ಕಂಬದ ಎತ್ತರ 30 ಮೀಟರ್ ಮೀರುವಂತಿಲ್ಲ. ಗುಡ್ಡಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು ಇದನ್ನು ಕೇಳಿದರೆ ನಿಂತು ನಗುತ್ತವೆ. ಧ್ವನಿ ಹೋಗುವುದು ಹತ್ತು ಕಿಲೋಮೀಟರಿನ ಆಸುಪಾಸು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಕ್ಕೆ ಬೇರೆ ಬೇರೆ ಕೇಂದ್ರವೇ ಬೇಕು. ಕಾರ್ಯಕ್ರಮದಲ್ಲಿ ಅರ್ಧವಾದರೂ ಊರಿನಲ್ಲೇ ತಯಾರಾಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಸುದ್ದಿ ಕೂಡದು, ರಾಜಕೀಯ ಕೂಡದು. ಆಕಾಶವಾಣಿಯ ವಾರ್ತೆಯನ್ನು ಮಾತ್ರ ಮರುಪ್ರಸಾರ ಮಾಡಬಹುದಂತೆ. ದೆಹಲಿಯಲ್ಲಿ ಏನಾಯಿತೆಂದು ಹೊಳಲ್ಕೆರೆಗೆ ಹೇಳಬಹುದು, ಹೊಳಲ್ಕೆರೆಯಲ್ಲಿ ಏನಾಯಿತೆಂದು ಹೊಳಲ್ಕೆರೆಗೆ ಹೇಳುವಂತಿಲ್ಲ.

ಮೂರು ಸಲ ಓದಿದ ಮೇಲೆ ಕಿಂಡಿ ಕಂಡಿತು. ಸುದ್ದಿ ಹೇಳಬಾರದು ಎಂದಿದೆ. ಸದ್ದು ಕೇಳಿಸಬಾರದು ಎಂದು ಎಲ್ಲೂ ಇಲ್ಲ.

ಆದ್ದರಿಂದ ನಮ್ಮದು ಶುದ್ಧ ಪ್ರಾಯೋಗಿಕ ಸಂಗೀತದ ಕೇಂದ್ರ. ಬೆಳಿಗ್ಗೆ ಆರಕ್ಕೆ ಗಾಳಿವಾದ್ಯ ವಿಭಾಗ: ನಲ್ಲಿ. ನೀರು ಬಿಡುವ ದಿನ ಮೊದಲು ಬರುವುದು ಗಾಳಿಯೇ ತಾನೆ? ಗೊರ್... ಗೊರ್... ಸುಂಯ್... ಒಂದು ಉಗುಳು... ಮತ್ತೆ ಸುಂಯ್. ಹಿನ್ನೆಲೆಗೆ ಖಾಲಿ ಕೊಡಗಳ ಸಾಲು, ‘ನಿಂದು ಹಿಂದೆ ಇತ್ತು ಕಣಕ್ಕ’ ಎಂಬ ಜುಗಲ್‌ಬಂದಿ. ಎಷ್ಟು ದಿನಕ್ಕೊಮ್ಮೆ ನೀರು ಎಂದು ನಿರೂಪಕ ಹೇಳುವುದಿಲ್ಲ. ಹೇಳಿದರೆ ಎಲ್ಲಿ ಸುದ್ದಿಯಾಗಿಬಿಡುತ್ತದೋ.

ಆಮೇಲೆ ದಿನದ ಮುಖ್ಯ ಕಛೇರಿ, ಬೋರ್‌ವೆಲ್. ಇದಕ್ಕೆ ಹೆಚ್ಚು ಸಮಯ ಕೊಡಲೇಬೇಕು, ಏಕೆಂದರೆ ಇದರಲ್ಲಿ ಆಲಾಪನೆಯಿಂದ ಮಂಗಳದವರೆಗೆ ಎಲ್ಲವೂ ಇದೆ. ಮೊದಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರ ಹೆಜ್ಜೆ. ನಂತರ ಊದುಬತ್ತಿ, ನಿಂಬೆಹಣ್ಣು, ಕೇಸಿಂಗ್ ಇಳಿಯುವ ಠಣ್. ಮಣ್ಣಿನಲ್ಲಿ ಮಂದ್ರ, ಬಂಡೆ ಸಿಕ್ಕೊಡನೆ ತಾರಕ. ಮುನ್ನೂರು ಅಡಿಗೆ ಯಜಮಾನ ‘ಇನ್ನೊಂಚೂರು ಹೋಗ್ಲಿ’ ಎನ್ನುತ್ತಾನೆ. ಆರುನೂರಕ್ಕೆ ಅವನ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಆ ಚಿಲಕದ ಸದ್ದನ್ನು ತಪ್ಪದೆ ಹಿಡಿಯಬೇಕು. ಸಾವಿರ ಅಡಿಗೆ ಬರೀ ಬಿಳಿ ಪುಡಿ. ಎಂಜಿನ್ ಆಫ್. ಆಗ ಬರುವ ಮೌನ ಇದೆಯಲ್ಲ, ಅದನ್ನು ಯಾವ ಜರ್ಮನಿಯವನೂ ರೆಕಾರ್ಡ್ ಮಾಡಲಾರ. ಕಡೆಗೆ ಅಡಿಗೆ ಇಷ್ಟರಂತೆ ನೋಟು ಎಣಿಸುವ ಸರಸರ.

ಇದೆಲ್ಲ ಸಂಗೀತವೇ ಎಂದು ಮೂಗು ಮುರಿಯುವವರಿಗೆ ದಾಖಲೆ ಇದೆ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೋದಲ್ಲಿ ಪಿಯರ್ ಶಾಫರ್ ಎಂಬಾತ ರೈಲಿನ ಸದ್ದುಗಳನ್ನೇ ಕತ್ತರಿಸಿ ಜೋಡಿಸಿ ಕಛೇರಿ ಮಾಡಿದ. ಅದೇ ಸದ್ದು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಕೇಳಿಸಿದರೆ ನಾವು ಗಂಟು ಎತ್ತಿಕೊಂಡು ಓಡುತ್ತೇವೆ, ಅಷ್ಟೇ ವ್ಯತ್ಯಾಸ. ನಮ್ಮ ದೇಶದವರೂ ಹಿಂದೆ ಬಿದ್ದಿರಲಿಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಸರ್ ತರಿಸಿ ಪ್ರಯೋಗ ಮಾಡಿದರು. ಆ ಟೇಪುಗಳು ದಶಕಗಟ್ಟಲೆ ಅಲ್ಲೇ ಮಲಗಿದ್ದು, 2023ರಲ್ಲಿ ಹೊರದೇಶದಲ್ಲಿ ಆಲ್ಬಮ್ ಆದವು. ಅಷ್ಟಾದ ಮೇಲೆ ನಮ್ಮ ಅಕ್ಕನ ಮಗನಂಥವರಿಗೆ ಅದು ಸಂಗೀತ ಎಂದು ಗೊತ್ತಾಯಿತು.

ಕಾಡುಗೊಲ್ಲರ ಗಣೆಗೆ ಇನ್ನೂ ಆ ಯೋಗ ಬಂದಿಲ್ಲ. ಉದ್ದನೆಯ ಬಿದಿರಿನ ಕೊಳಲು ಊದಿಕೊಂಡು ಇರುಳಿಡೀ ಜುಂಜಪ್ಪನ ಕಥೆ ಹೇಳುವ ಆ ಉಸಿರನ್ನು ಬರ್ಲಿನ್ನಿನ ಅಂಗಡಿಯವನೊಬ್ಬ ತಟ್ಟೆ ಮಾಡಿ ಮಾರುವವರೆಗೆ ಅದು ‘ಜಾನಪದ ಮೇಳದಲ್ಲಿ ಐದು ನಿಮಿಷ’. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ಒಂದು ವಾಟ್ ಕರೆಂಟೂ ಇಲ್ಲದೆ ಹಾಡಿಕೊಂಡು ಹೋದರು.

ಮಿಕ್ಕ ತಾಲ್ಲೂಕುಗಳಿಗೂ ಪಾಲು ಕೊಟ್ಟಿದ್ದೇನೆ. ಹೊಸದುರ್ಗದ್ದು ಗಾಳಿಯಂತ್ರದ ರೆಕ್ಕೆಯ ಶ್ರುತಿ, ಹೊಳಲ್ಕೆರೆಯದು ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಯಂತ್ರದ ಕಟಕಟ. ಸುಲಿಯುವ ಹೆಂಗಸರ ಮಾತೂ ಬೇಕೆಂದಿದ್ದೆ, ಅದರಲ್ಲಿ ಸುದ್ದಿಯೇ ಜಾಸ್ತಿ ಎಂದು ಬಿಟ್ಟೆ. ಹಿರಿಯೂರಿನದು ಮೌನ ವಿಭಾಗ. 1952ರಲ್ಲಿ ಅಮೆರಿಕದ ಜಾನ್ ಕೇಜ್ ಪಿಯಾನೋ ಮುಂದೆ ಕಲಾವಿದನನ್ನು ಕೂರಿಸಿ 4 ನಿಮಿಷ 33 ಸೆಕೆಂಡ್ ಏನೂ ನುಡಿಸದೆ ಎಬ್ಬಿಸಿದ, ಜಗತ್ತೇ ಅವನ ಹೆಸರು ಹೇಳುತ್ತದೆ. ನಮ್ಮ ಮಾರಿಕಣಿವೆ ಜಲಾಶಯದ ಕೋಡಿ 1933ರಲ್ಲಿ ಹರಿದದ್ದು ಮತ್ತೆ ಬಾಯಿ ಬಿಟ್ಟಿದ್ದು 2022ರಲ್ಲಿ. 89 ವರ್ಷದ ಕೃತಿ! ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ, ಮಳೆಗೆ ಪೂಜೆ ಮಾಡಿಸಿದರು.

ಇನ್ನು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಎಂದು ಘೋಷಿಸಿದ್ದನ್ನು ನಮ್ಮ ಮಕ್ಕಳೂ ಮಗ್ಗಿಯಂತೆ ಒಪ್ಪಿಸುತ್ತಾರೆ. ಬಾನುಲಿಯಲ್ಲಿ ಅದನ್ನು ಉಚ್ಚರಿಸಿದರೆ ಒನಕೆ ಹಿಡಿದು ನಿಂತ ಅಧಿಕಾರಿಗಳಿಗೆ ನಮ್ಮ ತಲೆ ಕಿಂಡಿಯಲ್ಲೇ ಸಿಗುತ್ತದೆ. ಅದಕ್ಕೆ ಆ ಹೊತ್ತಿನಲ್ಲಿ ಒಣಗಿದ ಕಾಲುವೆಯೊಳಗೆ ಗಾಳಿ ಓಡಾಡುವ ಸದ್ದು ಮಾತ್ರ. ಶೀರ್ಷಿಕೆ ಇಲ್ಲ, ನಿರೂಪಣೆ ಇಲ್ಲ, ಒಂದು ಗಂಟೆ.

ಜಾಹೀರಾತಿಗೆ ಅಡ್ಡಿಯಿಲ್ಲ. 2024ರಿಂದ ಗಂಟೆಗೆ 12 ನಿಮಿಷ ಹಾಕಿಕೊಳ್ಳಬಹುದು, ಸರ್ಕಾರಿ ಜಾಹೀರಾತಿನ ದರವೂ 10 ಸೆಕೆಂಡಿಗೆ 74 ರೂಪಾಯಿಗೆ ಏರಿದೆ. ನೀರಿನ ಟ್ಯಾಂಕರಿನವರು ಆಗಲೇ ವಿಚಾರಿಸಿದ್ದಾರೆ.

ಒಂಟಿ ಮನುಷ್ಯ ಅರ್ಜಿ ಹಾಕುವಂತಿಲ್ಲ, ನೋಂದಾಯಿತ ಸಂಸ್ಥೆಯೇ ಬೇಕು. ಅದು ಆಗುವವರೆಗೆ ಓದುಗರು ಒಂದು ಉಪಕಾರ ಮಾಡಬೇಕು. ನಿಮ್ಮ ಬೀದಿಯ ನಲ್ಲಿಯ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನೀರು ಶುರುವಾದ ತಕ್ಷಣ ಮಾತ್ರ ನಿಲ್ಲಿಸಿಬಿಡಿ. ಅದು ಸುದ್ದಿ.