ನೊರೆಯ ನ್ಯಾಯ

ಸಿಂಧನೂರಿನ ಗೆಳೆಯರೊಬ್ಬರಿಗೆ ಬಿಯರಿನ ನೊರೆಯದೇ ಚಿಂತೆ. "ಸರ್ರಂತ ಏರ್ತದ, ಪುಸ್ಸಂತ ಇಳೀತದ ನೋಡ್ರಿ. ಮನ್ಯಾಗ ನಾವ ಮಾಡಿ ನೋಡೂಣೇನು?" ಬ್ಯಾಡ್ರೀ ಸರ, 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮಾಡಿದರೆ ನೊರೆಗಿಂತ ಮೊದಲು ಪೊಲೀಸರು ಏರಿ ಬರುತ್ತಾರೆ.

ನನ್ನ ಅನುಮಾನವೆಲ್ಲ ಮಿರ್ಚಿ ಮೇಲೆ. ನೊರೆಯನ್ನು ಎತ್ತಿ ಹಿಡಿಯುವುದು ಬಾರ್ಲಿಯ ಪ್ರೋಟೀನು, ಜೊತೆಗೆ ಹಾಪ್ಸ್ ಹೂವಿನ ಕಹಿ. ಈ ಜೋಡಿಗೆ ಎಣ್ಣೆ ಕಂಡರಾಗದು. ನಮ್ಮವರೋ ಮಿರ್ಚಿ ಕಚ್ಚಿ, ಮೀಸೆಯನ್ನೂ ಒರೆಸದೆ ಗ್ಲಾಸಿಗೆ ತುಟಿ ಇಡುತ್ತಾರೆ. ಆ ಗ್ಲಾಸನ್ನು ಸೋಪಿನ ಪುಡಿಯಲ್ಲಿ ತಿಕ್ಕಿ ಅರ್ಧಂಬರ್ಧ ತೊಳೆದಿದ್ದರೆ ಮುಗಿದೇ ಹೋಯಿತು. ಒಳಗೋಡೆಗೆ ಗುಳ್ಳೆಗಳು ಅಂಟಿ ಕೂತರೆ ಅಲ್ಲಿ ಜಿಡ್ಡಿದೆ ಎಂದೇ ತಿಳಿಯಿರಿ. ಚೆನ್ನಾಗಿ ಜಾಲಿಸಿ ಬೋರಲು ಹಾಕಿ ಒಣಗಿಸಬೇಕು. ಹೆಗಲ ಮೇಲಿನ ಟವೆಲ್ಲು ಹೆಗಲ ಮೇಲೇ ಇರಲಿ.

ಇನ್ನೊಬ್ಬ ಆರೋಪಿ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲೇ ಬೆಳೆಯುತ್ತಾನೆ: ಅಕ್ಕಿ. ಬಾರ್ಲಿಯ ಜಾಗಕ್ಕೆ ಅಕ್ಕಿ ಬೆರೆಸಿದಷ್ಟೂ ಬಿಯರು ಹಗುರ, ನೊರೆಗೆ ಬೇಕಾದ ಪ್ರೋಟೀನೂ ಕಡಿಮೆ. ಭತ್ತದ ನಾಡಿನಲ್ಲಿ ಇದನ್ನು ಜೋರಾಗಿ ಹೇಳುವ ಧೈರ್ಯ ನನಗಿಲ್ಲ.

ಲಿಂಗಸುಗೂರಿನವರು ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟುತ್ತಾರೆ. ಅರ್ಧ ನಿಜ. ಬೆಚ್ಚಗಾದ ಬಿಯರಿನಲ್ಲಿ ಇಂಗಾಲದ ಡೈಆಕ್ಸೈಡ್ ಕೂರುವುದಿಲ್ಲ. ಒಮ್ಮೆಲೇ ಉಕ್ಕಿ ಮೇಜು, ಅಂಗಿ ಎರಡನ್ನೂ ತೊಯಿಸುತ್ತದೆ.

ಮಸ್ಕಿಯವರು ಮಾತ್ರ ನಿರಾಳ. 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಎರಡು ಸಾವಿರ ವರ್ಷ ದಾಟಿ ನಿಂತ ಊರು ಅದು. ಎರಡು ನಿಮಿಷದ ನೊರೆಗೆ ಅಲ್ಲಿ ಯಾರು ಅಳುತ್ತಾರೆ? "ನೊರೀ ಕುಡ್ಯಾಕ ಬಂದೀರೇನ್ರಿ?"