ಎಕ್ಸೆಲ್ ಕಾಕಾನ ಹಿಂದಿನ ಬ್ರೇಕು

ಸಿರಿಗೇರಿಯ ಯಾವ ಓಣಿಗೆ ಹೋದರೂ ಒಬ್ಬ ಎಕ್ಸೆಲ್ ಕಾಕಾ ಸಿಗುತ್ತಾನೆ. ಹೆಸರು ಬೇರೆ ಇದ್ದೀತು, ಟಿವಿಎಸ್ ಎಕ್ಸೆಲ್ ಗಾಡಿಯ ಬಣ್ಣ ಬೇರೆ ಇದ್ದೀತು. ಹೆಗಲ ಮೇಲಿನ ಟವೆಲು, ಎತ್ತಿ ಕಟ್ಟಿದ ಪಂಚೆ, ಹ್ಯಾಂಡಲಿಗೆ ತೂಗುಬಿಟ್ಟ ಕೈಚೀಲ ಮಾತ್ರ ಎಲ್ಲರದೂ ಒಂದೇ. ಮೊಣಕಾಲು ನೋವಿಗೆ ಸಿರುಗುಪ್ಪದ ದವಾಖಾನೆಗೆ ಹೋಗೋಣ ಅಂದರೆ ಸುಗ್ಗಿ ಮುಗಿಯಲಿ ಅನ್ನುತ್ತಾನೆ. ಹಿಂದಿನ ಬ್ರೇಕು ಒಂಚೂರು ಸಡಿಲಾಯಿತೋ, ಚಹಾ ಅರ್ಧಕ್ಕೆ ಬಿಟ್ಟು ಮೆಕ್ಯಾನಿಕ್ಕನ ಮುಂದೆ ನಿಂತಿರುತ್ತಾನೆ.

ಮೋಟಾರು ಕೂಡಿಸಿದ ಸೈಕಲ್ಲಿನ ಮೇಲೆ ನಮ್ಮ ಕಡೆಯವರಿಗೆ ಪ್ರೀತಿ ಹಳೆಯದು. 1972ರಲ್ಲಿ ಕೈನೆಟಿಕ್‌ನವರ ಲೂನಾ ಬಂತು. ಇವತ್ತಿಗೂ ಹಿರಿಯರ ಬಾಯಲ್ಲಿ ಯಾವ ಕಂಪನಿಯ ಮೊಪೆಡ್ಡಾದರೂ ಲೂನಾವೇ. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು, ಇಬ್ಬರು ಕೂಡಬಹುದಾದ ದೇಶದ ಮೊದಲ ಮೊಪೆಡ್. ಈ ‘ಇಬ್ಬರು’ ಅನ್ನುವುದನ್ನು ತುಂಗಭದ್ರಾ ಕಾಲುವೆ ಸೀಮೆಯ ರೈತ ಬೇರೆಯೇ ರೀತಿ ಅರ್ಥ ಮಾಡಿಕೊಂಡ: ತಾನೊಬ್ಬ, ಭತ್ತದ ಚೀಲವೊಬ್ಬ. ಪೆಡಲು ಹೋಯಿತು, ಎಕ್ಸೆಲ್ ಸೂಪರ್ ಬಂತು, 2015ರಲ್ಲಿ 99.7 ಸಿಸಿಯ ಎಕ್ಸೆಲ್ 100 ಬಂತು. ಎಂಜಿನ್ನು ಬೆಳೆದಂತೆ ಚೀಲದ ಸಂಖ್ಯೆಯೂ ಬೆಳೆಯಿತು. ಭತ್ತದ ಚೀಲ ಅಂದರೆ ನಮ್ಮಲ್ಲಿ 75 ಕೆಜಿ. ಹಿಂದಿನ ಸೀಟು ಬಿಚ್ಚಿಟ್ಟು ಕ್ಯಾರಿಯರಿನ ಮೇಲೊಂದು, ಕಾಲಿಡುವ ಜಾಗದಲ್ಲೊಂದು. ಕಾಕಾನ ಕಾಲುಗಳು ಆಗ ಎಲ್ಲಿರುತ್ತವೆ ಎಂದು ಕೇಳಬಾರದು, ಅವು ಎರಡೂ ಕಡೆ ರೆಕ್ಕೆಯಂತೆ ಅಗಲಿಸಿಕೊಂಡಿರುತ್ತವೆ.

ಬ್ರೇಕಿನ ವಿಷಯದಲ್ಲಿ ಕಾಕಾನದು ಒಂದೇ ಸಿದ್ಧಾಂತ. ಮುಂದಿನ ಬ್ರೇಕು ಇರುವುದು ಗಾಡಿ ಮಾರುವಾಗ ತೋರಿಸಲಿಕ್ಕೆ. ಹಿಡಿದರೆ ಪಲ್ಟಿ. ಯಾರೋ ಬೀಗರು ಟೆಕ್ಕಲಕೋಟೆ ರಸ್ತೆಯಲ್ಲಿ ಹಿಡಿದು ಹಲ್ಲು ಮುರಿದುಕೊಂಡ ಕಥೆಗೆ ಆತ ಪ್ರತಿ ಸಲ ಒಂದೊಂದು ಹಲ್ಲು ಸೇರಿಸುತ್ತಾನೆ. ಆ ಭಯಕ್ಕೆ ಮುಂದಿನ ಕೇಬಲ್ಲನ್ನೇ ಬಿಚ್ಚಿಸಿ ಮನೆಯಲ್ಲಿ ಬಟ್ಟೆ ಒಣಹಾಕುವ ತಂತಿಗೆ ಜೋಡಿಸಿದ್ದಾನೆ.

ನಗುವವರು ಒಂದು ಮಾತು ಒಪ್ಪಬೇಕು, ಕಾಕಾ ಪೂರ್ತಿ ತಪ್ಪಲ್ಲ. ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಬಾಗಿ ಹಿಂದಿನ ಗಾಲಿ ಹಗುರಾಗುತ್ತದೆ, ಆದ್ದರಿಂದ ಖಾಲಿ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು. ಆದರೆ ಕ್ಯಾರಿಯರಿನ ಮೇಲೆ ಚೀಲ ಕೂತರೆ ಲೆಕ್ಕ ಬದಲಾಗುತ್ತದೆ. ಭಾರವೆಲ್ಲ ಹಿಂದಿನ ಗಾಲಿಯ ಮೇಲೆ, ಹ್ಯಾಂಡಲು ಗಾಳಿಯಲ್ಲಿ ತೇಲಿದಂತೆ. ಅಂಥ ಹೊತ್ತಿಗೆ ಹಿಂದಿನ ಬ್ರೇಕೇ ಗತಿ. ಗೇರಿಲ್ಲದ ಗಾಡಿ, ಕ್ಲಚ್ಚು ತಾನಾಗಿ ಬಿಡುವಂಥದ್ದು. ವೇಗ ಇಳಿದ ಮೇಲೆ ಎಂಜಿನ್ನಿನಿಂದ ತಡೆ ಸಿಕ್ಕೀತು ಅಂತ ನೆಚ್ಚುವ ಹಾಗಿಲ್ಲ. ತೊಂದರೆ ಶುರುವಾಗುವುದು ಚೀಲ ಇಳಿಸಿ ಖಾಲಿ ಬರುವಾಗ. ಆಗಲೂ ಕಾಕಾ ಹಿಂದಿನದನ್ನೇ ಒತ್ತುತ್ತಾನೆ, ಗಾಲಿ ಕಚ್ಚಿ ನಿಲ್ಲುತ್ತದೆ, ಗಾಡಿ ಮಾತ್ರ ಜಾರುತ್ತ ಸಿರಿಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾದವರ ನಡುವೆ ಹೊಕ್ಕು ಕ್ಷೇಮಸಮಾಚಾರ ಕೇಳುತ್ತದೆ.

ಬ್ರೇಕು ಸುಧಾರಿಸಬೇಕು ಅನ್ನುವ ಹುಚ್ಚು ಹೀಗೆ ಹತ್ತಿತು. ಮೊದಲು ಹೊಸ ಬ್ರೇಕ್ ಶೂ. ಮೆಕ್ಯಾನಿಕ್ಕ ಗಾಲಿ ಬಿಚ್ಚಿ ಡ್ರಮ್ಮು ತೆಗೆದ. ಒಳಗೆ ಎರೆಮಣ್ಣಿನ ಪುಡಿ, ಒಂದು ಹಿಡಿ ಭತ್ತದ ಹೊಟ್ಟು. ಶೂ ಮೇಲಿನ ಲೈನರು ಕನ್ನಡಿಯಂತೆ ಹೊಳೆಯುತ್ತಿತ್ತು. ಕಾಕಾಗೆ ಆ ಹೊಳಪು ನೋಡಿ ಖುಷಿ.

“ಎಷ್ಟು ಲಕಲಕ ಅಂತೈತೆ ನೋಡು, ಇನ್ನ ಹೊಸದೇ ಐತಲ್ಲೋ ತಮ್ಮಾ.”

“ಹೊಳಿಯಾಕ ಹತ್ತಿದ್ರ ಅದು ಸತ್ತಂಗ, ಕಾಕಾ,” ಅಂದ ಹುಡುಗ. ಬರೀ ಕಾದು ಕಾದು ನುಣುಪಾದ ಲೈನರು ಡ್ರಮ್ಮನ್ನು ಹಿಡಿಯುವುದಿಲ್ಲ, ಸವರುತ್ತದೆ. ಎಮರಿ ಪೇಪರಿನಿಂದ ಡ್ರಮ್ಮು ತಿಕ್ಕಿ, ಹೊಸ ಶೂ ಕೂಡಿಸಿ, ಕ್ಯಾಮಿಗೆ ಚೂರು ಗ್ರೀಸು ಮುಟ್ಟಿಸಿ, ಅದು ಲೈನರಿಗೆ ತಾಗದಂತೆ ಬಟ್ಟೆಯಿಂದ ಒರೆಸಿದ. ಕಿಸೆಗೆ ಭಾರವಾಗದ ಕೆಲಸ. ಬುದ್ಧಿವಂತ ಇಲ್ಲಿಗೆ ನಿಲ್ಲಿಸುತ್ತಾನೆ.

ಕಾಕಾ ವೆಲ್ಡಿಂಗ್ ಅಂಗಡಿಗೆ ಹೋದ. ಡ್ರಮ್ಮಿನ ಹೊರಗೆ ಕೇಬಲ್ಲು ಎಳೆಯುವ ಗೇಣಿಗಿಂತ ಗಿಡ್ಡ ಲಿವರಿಗೆ ಇನ್ನೊಂದು ಪಟ್ಟಿ ಬೆಸೆದು ಉದ್ದ ಮಾಡಿಸಿದ. ಉದ್ದ ಹೆಚ್ಚಿದರೆ ಜೋರು ಹೆಚ್ಚು ಅನ್ನುವುದು ಏತ ಎಳೆದವರ ವಂಶಕ್ಕೆ ಹೇಳಿಕೊಡಬೇಕಿಲ್ಲ. ಆದರೆ ಲಿವರು ಉದ್ದವಾದಷ್ಟೂ ಕೇಬಲ್ಲು ಹೆಚ್ಚು ದೂರ ಎಳೆಯಬೇಕು. ಎಡಗೈಯ ಹಿಡಿ ಪೂರ್ತಿ ಮಡಚಿ ಹ್ಯಾಂಡಲಿಗೆ ತಾಗಿದರೂ ಶೂ ಇನ್ನೂ ಅರ್ಧ ದಾರಿಯಲ್ಲಿತ್ತು. ಜೋರೇನೋ ಇತ್ತು, ಅದು ಬರುವ ಹೊತ್ತಿಗೆ ಹಂಪು ದಾಟಿರುತ್ತಿತ್ತು.

ಆಮೇಲೆ ಡಿಸ್ಕು. ಬಳ್ಳಾರಿಯ ಗುಜರಿಯಲ್ಲಿ ಯಾವುದೋ ದೊಡ್ಡ ಬೈಕಿನ ಡಿಸ್ಕು, ಕ್ಯಾಲಿಪರು ಕಂಡು ಬಂದವು. ಹಬ್ಬು ಲೇತಿಗೆ ಹಾಕಿಸಬೇಕು, ಕ್ಯಾಲಿಪರು ಕೂಡಿಸಲು ಹಿಂದಿನ ಫೋರ್ಕಿಗೆ ಪ್ಲೇಟು ಬೆಸೆಯಬೇಕು, ಹ್ಯಾಂಡಲಿಗೆ ಆಯಿಲ್ ಡಬ್ಬಿ ಬೇಕು. ಲೆಕ್ಕ ಹಾಕಿದರೆ ಗಾಡಿ ಮಾರಿ ಬ್ರೇಕು ಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗೆ ಅಡ್ಡ ಬರುತ್ತದೆ ಎಂದು ಮೇಷ್ಟ್ರೊಬ್ಬರು ಹೇಳಿದರು. ಕಾಕಾ ಬೆಚ್ಚಲಿಲ್ಲ. ಕೊನೆಗೆ ತಡೆದದ್ದು ಮೆಕ್ಯಾನಿಕ್ಕನೇ. ಬೋಳಾದ ಹಿಂದಿನ ಟೈರನ್ನು ಉಗುರಿನಿಂದ ಕೆರೆದು ತೋರಿಸಿದ.

“ಬ್ರೇಕು ಗಾಲಿ ನಿಲ್ಲಿಸ್ತೈತೆ ಕಾಕಾ. ಗಾಡಿ ನಿಲ್ಲಿಸೋದು ಇದು. ಮೊದಲು ಇದನ್ನ ಬದಲಿ ಮಾಡು.”

ಲಿವರಿಗೆ ಬೆಸೆದ ಪಟ್ಟಿ ಕಿತ್ತದ್ದಾಯಿತು, ಟೈರು ಬದಲಾಯಿತು. ಬ್ರೇಕು ಗಕ್ಕನೆ ಹತ್ತತೊಡಗಿತು. ಮರುದಿನ ಕಾಕಾ ಮತ್ತೆ ವೆಲ್ಡಿಂಗ್ ಅಂಗಡಿಯಲ್ಲಿ. ಈ ಸಲ ಕ್ಯಾರಿಯರು ಅಗಲ ಮಾಡಿಸಲು: ಬ್ರೇಕು ಗಟ್ಟಿಯಾಯಿತಲ್ಲ, ಮೂರನೇ ಚೀಲಕ್ಕೆ ಜಾಗ ಬೇಕು.

ಈ ನಡುವೆ ಸರ್ಕಾರ ಕಾಕಾನಿಗೆ ದ್ರೋಹ ಮಾಡಿತು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಜೋಡು ಬ್ರೇಕು ಕಡ್ಡಾಯವಾಯಿತು. ಹಿಂದಿನದನ್ನು ಒತ್ತಿದರೆ ಮುಂದಿನದೂ ತಾನಾಗಿ ಹಿಡಿಯುತ್ತದೆ. ಅಳಿಯ ಹೊಸ ಎಕ್ಸೆಲ್ ತಂದಾಗ ಕಾಕಾ ಒಂದು ಸುತ್ತು ಹೊಡೆದು ಬಂದು ಇಳಿದವನೇ, “ಯಾರು ಕೇಳಿದ್ರು ಇವರನ್ನ?” ಅಂದ. ಗಾಡಿ ನೆಟ್ಟಗೆ ನಿಂತದ್ದೇ ಆತನ ತಕರಾರು.

2024ರಲ್ಲಿ ಲೂನಾ ಮತ್ತೆ ಹುಟ್ಟಿ ಬಂತಲ್ಲ, ಕರೆಂಟಿನದು. ಕಾಕಾಗೆ ಮೊಬೈಲಿನಲ್ಲಿ ಅದರ ಫೋಟೊ ತೋರಿಸಿದೆ. 150 ಕೆಜಿ ಹೊರುತ್ತದಂತೆ ಅಂದೆ. ಕಣ್ಣು ಮುಚ್ಚಿ ಲೆಕ್ಕ ಹಾಕಿದ.

“ಎಲ್ಡು ಚೀಲಕ್ಕ ಮುಗೀತು. ಮತ್ತ ನಾ ಎಲ್ಲಿ ಕುಂದರ್ಲಿ?”

ಕೂಡುವವನದೂ ಸೇರಿಯೇ 150 ಎಂದು ವಿವರಿಸಿದೆ. ಆತ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಫೋಟೊ ದೊಡ್ಡದು ಮಾಡು ಅಂದ, ಹಿಂದಿನ ಗಾಲಿಯ ಹತ್ತಿರ ಬೆರಳಿಟ್ಟ.

“ಲಿವರು ಗಿಡ್ಡೈತಲ್ಲೋ ತಮ್ಮಾ, ಒಂದು ಪಟ್ಟಿ ಹಚ್ಚಿಸಬೇಕು.”